ಕೊಟಿಲಿಯನ್ ರೆಕಾರ್ಡ್ ಕೂಡಿಡುವುದು ಹೇಗೆ?

ಅಮೆರಿಕದ ಕಪ್ಪು ಜನರ ಸೋಲ್ ಎಂಬ ಸಂಗೀತ ಶೈಲಿಯ ಹಳೆಯ ರೆಕಾರ್ಡ್ ಕೂಡಿಡಲು ಹೊರಟವರು ಮೊದಲು ಹುಡುಕುವುದು ಮೋಟೌನ್, ಸ್ಟ್ಯಾಕ್ಸ್, ಅಟ್ಲಾಂಟಿಕ್ ಎಂಬ ಲೇಬಲ್‌ಗಳನ್ನು, ಅಂದರೆ ರೆಕಾರ್ಡ್ ಕಂಪನಿಗಳನ್ನು. ಎಲ್ಲರೂ ಅವನ್ನೇ ಕೇಳುವುದರಿಂದ ಬೆಲೆಯೂ ಜಾಸ್ತಿ. ಅದೇ ಅಟ್ಲಾಂಟಿಕ್ 1968ರಲ್ಲಿ ಕೊಟಿಲಿಯನ್ ಎಂಬ ಉಪಲೇಬಲ್ ಶುರು ಮಾಡಿತು. ಬ್ಲೂಸ್ ಮತ್ತು ಅಮೆರಿಕದ ದಕ್ಷಿಣ ರಾಜ್ಯಗಳ ಸೋಲ್ ಹಾಡುಗಳಿಗೆ ಒಂದು ಜಾಗ ಬೇಕಿತ್ತು, ಅದಕ್ಕೆಂದು ಮಾಡಿದ್ದು. ಆಮೇಲೆ ರಾಕ್ ಬಂತು, ಫಂಕ್ ಬಂತು. ದೊಡ್ಡಣ್ಣನ ನೆರಳಿನಲ್ಲಿ ಉಳಿದುಹೋದ ಈ ಲೇಬಲ್‌ನ ಎಷ್ಟೋ ಒಳ್ಳೆಯ ರೆಕಾರ್ಡ್ ತಟ್ಟೆಗಳ ಕಡೆ ಇವತ್ತಿಗೂ ಹೆಚ್ಚು ಜನ ತಿರುಗಿ ನೋಡುವುದಿಲ್ಲ. ಹೊಸದಾಗಿ ಸಂಗ್ರಹ ಶುರು ಮಾಡುವವರಿಗೆ ನಾನು ಕೊಟಿಲಿಯನ್ ಹೆಸರನ್ನೇ ಹೇಳುತ್ತೇನೆ.

ಒಂದು ಕಾಲವನ್ನು ಆರಿಸಿಕೊಳ್ಳಿ

ಈ ಲೇಬಲ್ 1980ರ ದಶಕದ ಮಧ್ಯದವರೆಗೆ ನಡೆಯಿತು. ಎಲ್ಲವನ್ನೂ ಕೊಳ್ಳಲು ಹೋದರೆ ದಿಕ್ಕು ತಪ್ಪುತ್ತದೆ. 1968ರಿಂದ 1971ರವರೆಗಿನ ಸೋಲ್ ಮತ್ತು ಬ್ಲೂಸ್ ಒಂದು ಭಾಗ. 1970ರ ಆಸುಪಾಸಿನ ರಾಕ್ ಇನ್ನೊಂದು. 1976ರಿಂದ ಮುಂದಿನ ಫಂಕ್, ಡಿಸ್ಕೋ ಮತ್ತೊಂದು. ಮೊದಲನೆಯದರಿಂದಲೇ ಶುರು ಮಾಡಿ. ಲೇಬಲ್‌ನ ಜೀವ ಅಲ್ಲಿದೆ.

ಯಾವ ತಟ್ಟೆ ಮೊದಲು?

ಸಿಂಗಲ್‌ಗಳ, ಅಂದರೆ ಬದಿಗೊಂದೇ ಹಾಡಿರುವ ಸಣ್ಣ ತಟ್ಟೆಗಳ, ಸಂಖ್ಯೆ 44001ರಿಂದ ಶುರುವಾಗುತ್ತದೆ. ಆ ಮೊದಲ ತಟ್ಟೆ ಓಟಿಸ್ ಕ್ಲೇ ಹಾಡಿದ 'ಶೀಸ್ ಅಬೌಟ್ ಎ ಮೂವರ್'. ಮೊದಲು ರಾಕ್ ತಂಡವೊಂದು ಹಾಡಿದ್ದ ಹಾಡು ಅದು. ಕ್ಲೇ ಅವರ ದನಿಯಲ್ಲಿ ಅದರ ಬಣ್ಣವೇ ಬೇರೆ. ಸೋಲ್ ಮತ್ತು ರಾಕ್ ಎರಡೂ ಸೇರುವ ಈ ಲೇಬಲ್‌ಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗದು. ಬ್ರೂಕ್ ಬೆಂಟನ್ ಅವರ 'ರೇನಿ ನೈಟ್ ಇನ್ ಜಾರ್ಜಿಯಾ' 1970ರಲ್ಲಿ ದೊಡ್ಡ ಯಶಸ್ಸು ಕಂಡಿತು. ಬರೆದವರು ಟೋನಿ ಜೋ ವೈಟ್, ನಿರ್ಮಾಪಕ ಆರಿಫ್ ಮಾರ್ಡಿನ್. ತುಂಬ ಮಾರಾಟವಾದ ತಟ್ಟೆ, ಹಾಗಾಗಿ ಸುಲಭವಾಗಿ ಸಿಗುತ್ತದೆ. ಇಷ್ಟು ಮೆತ್ತಗೆ ಹಾಡಿ ಇಷ್ಟು ಒಂಟಿತನ ತುಂಬಿದ ಹಾಡು ಆ ಕಾಲದಲ್ಲಿ ಬಹಳ ಇಲ್ಲ.

ಹಲವು ಹಾಡುಗಳಿರುವ ದೊಡ್ಡ ತಟ್ಟೆಗಳಾದ ಎಲ್‌ಪಿಗಳಲ್ಲಿ ಬ್ಲೂಸ್ ಗಿಟಾರಿಗ ಫ್ರೆಡಿ ಕಿಂಗ್ ಅವರ 1969ರ ಆಲ್ಬಂ ಇದೆ, ಸಂಖ್ಯೆ ಎಸ್‌ಡಿ 9004. ಓಟಿಸ್ ರಶ್ ಅವರ 'ಮೌರ್ನಿಂಗ್ ಇನ್ ದ ಮಾರ್ನಿಂಗ್' ಎಸ್‌ಡಿ 9006. ಇದು ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿರುವ ಫೇಮ್ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು. ಮೈಕ್ ಬ್ಲೂಮ್‌ಫೀಲ್ಡ್ ಮತ್ತು ನಿಕ್ ಗ್ರೇವನೈಟ್ಸ್ ನಿರ್ಮಾಪಕರು. ಗಿಟಾರ್ ನುಡಿಸಿದವರಲ್ಲಿ ಡ್ವೇನ್ ಆಲ್‌ಮನ್ ಕೂಡ ಒಬ್ಬರು. ಬ್ಲೂಸ್ ಕಟ್ಟಾಭಿಮಾನಿಗಳು ಈ ತಟ್ಟೆಯನ್ನು ಸೋಲ್ ಜಾಸ್ತಿಯಾಯಿತು ಎಂದು ಬದಿಗಿಟ್ಟರು. ನನ್ನ ಕಿವಿಗೆ ಅದೇ ಅದರ ಸೊಗಸು. ಲೂ ಜಾನ್ಸನ್ ಅವರ 'ಸ್ವೀಟ್ ಸದರ್ನ್ ಸೋಲ್' ಕೂಡ 1969ರದ್ದೇ. ಕಂಡರೆ ಬಿಡಬೇಡಿ.

ರಾಕ್ ಕಡೆಗೆ ಬಂದರೆ ಎಲ್ಲರ ಕಣ್ಣು ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ 'ಲೋಡೆಡ್' ಮೇಲೆ. 1970ರ ನವೆಂಬರ್‌ನಲ್ಲಿ ಬಂತು. ಅಷ್ಟು ಹೊತ್ತಿಗೆ ಮುಖ್ಯ ಗಾಯಕ ಲೂ ರೀಡ್ ತಂಡ ಬಿಟ್ಟಾಗಿತ್ತು. ಇದರ ಮೊದಲ ಮುದ್ರಣ ದುಬಾರಿ, ಆತುರ ಬೇಡ. ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ತಂಡದ ಮೊದಲ ಆಲ್ಬಂಗಳು ಅಮೆರಿಕದಲ್ಲಿ ಕೊಟಿಲಿಯನ್ ಹೆಸರಿನಲ್ಲೇ ಬಂದವು, ಅವು ಸಲೀಸಾಗಿ ಸಿಗುತ್ತವೆ. ರಾನಿ ಹಾಕಿನ್ಸ್ ಅವರ 1970ರ ಆಲ್ಬಂ ಅನ್ನು ಹೆಚ್ಚು ಜನ ಕೇಳುವುದಿಲ್ಲ. ಡ್ವೇನ್ ಆಲ್‌ಮನ್ ಅವರ ಗಿಟಾರ್ ಅದರಲ್ಲೂ ಇದೆ.

ಕೊನೆಯ ಕಾಲವನ್ನು ಡಿಸ್ಕೋ ಎಂದು ತಳ್ಳಿಹಾಕುವವರಿದ್ದಾರೆ. ಅದು ಅನ್ಯಾಯ. ಸಿಸ್ಟರ್ ಸ್ಲೆಡ್ಜ್ ಅವರ 1979ರ 'ವಿ ಆರ್ ಫ್ಯಾಮಿಲಿ', ಒಹಾಯೋ ರಾಜ್ಯದ ಡೇಟನ್ ಊರಿನ ಸ್ಲೇವ್ ತಂಡದ ತಟ್ಟೆಗಳು ಇದೇ ಲೇಬಲ್‌ನವು. ಲೂಥರ್ ವ್ಯಾಂಡ್ರಾಸ್ ಒಬ್ಬರೇ ಹಾಡಿ ಹೆಸರು ಮಾಡುವ ಮುಂಚೆ 'ಲೂಥರ್' ಎಂಬ ತಂಡ ಕಟ್ಟಿ 1976 ಮತ್ತು 1977ರಲ್ಲಿ ಇಲ್ಲಿಗೆ ಎರಡು ಆಲ್ಬಂ ಕೊಟ್ಟರು. ಅವು ಆಗ ಓಡಲಿಲ್ಲ. ಹಕ್ಕುಗಳನ್ನು ಅವರೇ ವಾಪಸ್ ಕೊಂಡುಕೊಂಡಿದ್ದರಿಂದ ದಶಕಗಳ ಕಾಲ ಮರುಮುದ್ರಣವೂ ಆಗಲಿಲ್ಲ. ಹಾಗಾಗಿ ಮೂಲ ತಟ್ಟೆಗೆ ಬೇಡಿಕೆ ಇದೆ.

ನಡುವಿನ ಕಾಗದವನ್ನು ಓದಿ

ತಟ್ಟೆಯ ನಡುವೆ ಅಂಟಿಸಿದ ಕಾಗದದಲ್ಲಿ ವಿಳಾಸ ಹುಡುಕಿ. '1841 ಬ್ರಾಡ್‌ವೇ' ಎಂದಿದ್ದರೆ 1970ರ ದಶಕದ ಮೊದಲ ವರ್ಷಗಳವರೆಗಿನ ಮುದ್ರಣ. '75 ರಾಕಫೆಲರ್ ಪ್ಲಾಜಾ' ಎಂದಿದ್ದು ಪಕ್ಕದಲ್ಲಿ ವಾರ್ನರ್ ಕಂಪನಿಯ ಸಣ್ಣ ಗುರುತಿದ್ದರೆ ಆಮೇಲಿನದು. 'ಲೋಡೆಡ್' ಕೊಳ್ಳುವವರು ಇದನ್ನು ನೋಡಲೇಬೇಕು, ಏಕೆಂದರೆ ಹೊರಗಿನ ಕವರ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಅಲ್ಲೇ ಒಂದು ಸಂಖ್ಯೆ ಇರುತ್ತದೆ. ಅದರ ಕೊನೆಯ ಎರಡಕ್ಷರ ಯಾವ ಕಾರ್ಖಾನೆಯಲ್ಲಿ ಮುದ್ರಣವಾಯಿತು ಎಂದು ಹೇಳುತ್ತದೆ. ಎಂಓ ಎಂದರೆ ಲಾಸ್ ಏಂಜಲೀಸ್‌ನ ಮೊನಾರ್ಕ್, ಪಿಆರ್ ಎಂದರೆ ಪ್ರೆಸ್‌ವೆಲ್, ಎಸ್‌ಪಿ ಎಂದರೆ ಸ್ಪೆಷಾಲಿಟಿ.

ಇನ್ನೊಂದು ವಿಷಯ. ಬೇರೆ ಕಂಪನಿಗಳ ತಟ್ಟೆಯ ಮೇಲೂ ಹಾಡಿನ ಹೆಸರಿನ ಕೆಳಗೆ 'ಕೊಟಿಲಿಯನ್ ಮ್ಯೂಸಿಕ್' ಎಂದು ಕಾಣಬಹುದು. ಅದು ಹಾಡಿನ ಹಕ್ಕು ನೋಡಿಕೊಳ್ಳುವ ಪ್ರಕಾಶನ ಸಂಸ್ಥೆ. ಅಷ್ಟಕ್ಕೇ ಅದು ಕೊಟಿಲಿಯನ್ ರೆಕಾರ್ಡ್ ಆಗುವುದಿಲ್ಲ.

ಈಗ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೊನೆಯ ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಗೀಚಿದ ಅಕ್ಷರಗಳಿರುತ್ತವೆ. 'ಎಟಿ' ಮತ್ತು 'ಜಿಪಿ' ಕಂಡರೆ ಅಟ್ಲಾಂಟಿಕ್‌ನ ಸ್ವಂತ ಸ್ಟುಡಿಯೋದಲ್ಲಿ ಜಾರ್ಜ್ ಪೀರೋಸ್ ಮೂಲ ಅಚ್ಚನ್ನು ಕೊರೆದರು ಎಂದರ್ಥ. ಒಂದೇ ಬೆಲೆಗೆ ಎರಡು ಪ್ರತಿ ಇದ್ದರೆ ನಾನು ಈ ಗುರುತಿರುವುದನ್ನೇ ಆರಿಸುತ್ತೇನೆ.

ಸ್ಥಿತಿ ನೋಡುವುದು

ಏಳಿಂಚಿನ ಸಿಂಗಲ್‌ಗಳಲ್ಲಿ ಜಾಸ್ತಿ ಎಚ್ಚರ ಬೇಕು. ಮೊನಾರ್ಕ್ ಕಾರ್ಖಾನೆಯವು ಹೆಚ್ಚಾಗಿ ವಿನೈಲ್ ಅಲ್ಲ, ಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್. ಬಾಗುವುದಿಲ್ಲ, ಬಿದ್ದರೆ ಸೀಳುತ್ತದೆ. ಸವೆದ ಮುಳ್ಳಿನಲ್ಲಿ ಕೆಲವು ಸಲ ಹಾಕಿದರೂ ಸಾಕು, ಗೀರಿಲ್ಲದೆ ಹೊಳೆಯುವ ತಟ್ಟೆಯೂ ಬುಸ್ಸೆನ್ನುತ್ತದೆ. ನೋಡಿ ಕೊಳ್ಳಬೇಡಿ, ಕೇಳಿ ಕೊಳ್ಳಿ. ದೂರದ ಮಾರಾಟಗಾರರಾದರೆ ಹಾಡಿನ ಆರಂಭದ ಧ್ವನಿತುಣುಕು ಕಳಿಸಲು ಕೇಳಿ.

ಕವರ್ ಮೂಲೆ ಕತ್ತರಿಸಿದ್ದರೆ ಅಥವಾ ತೂತು ಕೊರೆದಿದ್ದರೆ ಹೆದರಬೇಡಿ. ಮಾರಾಟವಾಗದೆ ಉಳಿದದ್ದನ್ನು ಕಡಿಮೆ ಬೆಲೆಗೆ ಹೊರಹಾಕುವಾಗ ಹಾಕುತ್ತಿದ್ದ ಗುರುತು ಅದು. ಎಷ್ಟೋ ಸಲ ಒಳಗಿನ ತಟ್ಟೆ ಹೊಸದರಂತೆಯೇ ಇರುತ್ತದೆ. ವುಡ್‌ಸ್ಟಾಕ್ ಸಂಗೀತೋತ್ಸವದ ಹಾಡುಗಳಿರುವ, ಮೂರು ತಟ್ಟೆಗಳ 'ವುಡ್‌ಸ್ಟಾಕ್' ಆಲ್ಬಂ ಸಿಕ್ಕರೆ ಮೂರೂ ಇವೆಯೇ ಎಂದು ಎಣಿಸಿ. ಒಂದನೇ ಬದಿಯ ಹಿಂದೆ ಆರನೇ ಬದಿ ಇರುತ್ತದೆ. ತಟ್ಟೆಗಳನ್ನು ಪೇರಿಸಿ ಒಂದಾದ ಮೇಲೊಂದು ತಾನಾಗಿ ಹಾಕುವ ಯಂತ್ರಗಳಿಗಾಗಿ ಹಾಗೆ ಮುದ್ರಿಸುತ್ತಿದ್ದರು.

ಕೊಳ್ಳುವುದು, ತರಿಸುವುದು

ರೆಕಾರ್ಡ್ ಮಾರುವ, ಕೊಳ್ಳುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಮಾರಾಟಗಾರರು ಕೇಳುವ ಬೆಲೆಯನ್ನು ನಂಬಬೇಡಿ. ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಎಂದು ಅಲ್ಲೇ ಇರುತ್ತದೆ, ಅದನ್ನು ನೋಡಿ. ವಿಜಿ ಪ್ಲಸ್ (ಬಹಳ ಒಳ್ಳೆಯದಕ್ಕಿಂತ ತುಸು ಮೇಲಿನ ಸ್ಥಿತಿ) ದರ್ಜೆಗಿಂತ ಕೆಳಗಿನದು ಅಪರೂಪದ್ದಾದರೆ ಮಾತ್ರ ಕೊಳ್ಳಿ. ನಮ್ಮ ಊರಿಗೆ ತರಿಸುವಾಗ ಅಂಚೆ ವೆಚ್ಚವೇ ತಟ್ಟೆಯ ಬೆಲೆ ಮೀರುವುದುಂಟು. ಒಬ್ಬರೇ ಮಾರಾಟಗಾರರಿಂದ ನಾಲ್ಕೈದು ಒಟ್ಟಿಗೆ ತರಿಸಿ. ತಟ್ಟೆಯನ್ನು ಕವರಿನಿಂದ ಹೊರತೆಗೆದು ಪಕ್ಕದಲ್ಲಿಟ್ಟು ಕಳಿಸಲು ಹೇಳಿ, ಇಲ್ಲದಿದ್ದರೆ ದಾರಿಯಲ್ಲಿ ಕವರಿನ ಅಂಚು ಸೀಳುತ್ತದೆ. ಅಮೆರಿಕದಲ್ಲಿ ನೆಂಟರಿದ್ದರೆ ಅವರ ಮನೆಗೆ ತರಿಸಿ, ಊರಿಗೆ ಬರುವಾಗ ಕೈಚೀಲದಲ್ಲಿ ತರಲು ಕೇಳಿಕೊಳ್ಳಿ. ಸಿಂಗಲ್‌ಗಳು ಹೆಚ್ಚು ಜಾಗವೇನೂ ಹಿಡಿಯುವುದಿಲ್ಲ, ಅಲ್ವಾ?

ತೊಳೆಯುವುದು, ಇಡುವುದು

ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ. ಮೆತ್ತನೆಯ ಬ್ರಷ್ಷಿನಿಂದ ಗೆರೆಗಳ ಜೊತೆಗೇ ಸುತ್ತುತ್ತಾ ಉಜ್ಜಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನಡುವಿನ ಕಾಗದಕ್ಕೆ ನೀರು ತಾಗಬಾರದು. ನಿಲ್ಲಿಸಿಯೇ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದಲ್ಲಿ ಬೂಷ್ಟಿನ ಕಾಟ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ಒಳಗೆ ಸಿಲಿಕಾ ಜೆಲ್ ಇಡಿ, ಬಿಸಿಲು ಬಂದ ದಿನ ಬಾಗಿಲು ತೆರೆದು ಗಾಳಿಯಾಡಿಸಿ.

ಅಲ್ಲಿಂದ ಮುಂದೆ

ಹತ್ತಿಪ್ಪತ್ತು ತಟ್ಟೆ ಸೇರಿದ ಮೇಲೆ 'ವಿತರಣೆ: ಕೊಟಿಲಿಯನ್' ಎಂದು ಅಂಚಿನಲ್ಲಿ ಸಣ್ಣದಾಗಿ ಅಚ್ಚಾದ ತಟ್ಟೆಗಳನ್ನು ಹುಡುಕಲು ಶುರು ಮಾಡಿ. ಜಾಝ್ ಕೊಳಲುವಾದಕ ಹರ್ಬಿ ಮ್ಯಾನ್ ಕಟ್ಟಿದ ಎಂಬ್ರಿಯೋ ಲೇಬಲ್ ಅವುಗಳಲ್ಲಿ ಒಂದು. ಅದರಲ್ಲಿ ಜಾಝ್ ಬಾಸ್ ವಾದಕ ರಾನ್ ಕಾರ್ಟರ್ ಅವರ 'ಅಪ್‌ಟೌನ್ ಕಾನ್ವರ್ಸೇಶನ್' ಸಿಕ್ಕರೆ ಮೊದಲು ಅದನ್ನೇ ಕೊಳ್ಳಿ.