ರಿಯೂನಿಯನ್ ಮುಗಿಸ್ಕೊಂಡು ಬಂದ್ಮೇಲೆ ಏನ್ ಮಾಡ್ಬೇಕು
ಕ್ಲಾಸ್ ರಿಯೂನಿಯನ್ ಮುಗಿಸ್ಕೊಂಡು ಬಂದ ರಾತ್ರಿ ನಿದ್ದೆ ಬರ್ಲಿಲ್ಲ ಅಂದ್ರೆ ಪರ್ವಾಗಿಲ್ಲ, ಒಂದು ನೋಟ್‌ಬುಕ್ ತಗೊಂಡು ಯಾರು ಏನಂದ್ರು, ಯಾವ ಮಾತಿಗೆ ಗಂಟಲು ಕಟ್ಟಿ ಬಂತು ಅಂತ ಆಗ್ಲೇ ಬರೆದಿಟ್ಕೊಳ್ಳಿ, ನಾಳೆಗೆ ಅರ್ಧ ಮರ್ತೋಗಿರತ್ತೆ. ಕಾಲೇಜು ದಿನಗಳೇ ಯಾಕಿಷ್ಟು ಕಾಡ್ತವೆ ಅಂದ್ರೆ, ನಡುವಯಸ್ಸು ದಾಟಿದವರಿಗೆ ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಜಾಸ್ತಿ ಬರ್ತವೆ ಅಂತ ಮನಶ್ಶಾಸ್ತ್ರದವ್ರು ಹೇಳ್ತಾರೆ, ಎಷ್ಟೋ ವಿಷಯ ಮೊದಲ ಸಲ ಆಗಿದ್ದು ಆಗಲೇ ತಾನೇ. ಹಾಗಂತ ಆಮೇಲಿನ ಬದುಕು ಸಪ್ಪೆ ಅನ್ಕೋಬೇಡಿ. ಬೇರೆಯವ್ರ ಕೆಲಸ, ಮನೆ ಜೊತೆ ಹೋಲಿಸ್ಬೇಡಿ, ಆಗಿನ ನಿಮ್ಮನ್ನ ಈಗಿನ ನಿಮ್ಮ ಪಕ್ಕ ನಿಲ್ಸಿ ಏನು ಬಿಟ್ಟೋಯ್ತು, ಏನು ಉಳೀತು ನೋಡಿ, ನನಗಂತೂ ಇದೇ ಮುಖ್ಯ ಅನ್ಸತ್ತೆ. ಬರ್ದೇ ಇದ್ದ ಗೆಳೆಯರಲ್ಲಿ ಒಬ್ರಿಗಾದ್ರೂ ಫೋನ್ ಮಾಡಿ, ಗ್ರೂಪಲ್ಲಿ ಮೆಸೇಜ್ ಹಾಕೋದಲ್ಲ, ಫೋನೇ ಮಾಡಿ.