ಫ್ಲ್ಯಾಶ್ ಇಲ್ಲದೆ, ನಿಂತಲ್ಲೇ ನಿಂತು ತೆಗೆದ ಚರ್ಚ್ ಮದುವೆ

ಇಡೀ ಚರ್ಚ್ ಮದುವೆಯನ್ನು ಫ್ಲ್ಯಾಶ್ ಹಾಕದೆ, ಒಂದು ಹೆಜ್ಜೆಯೂ ಕದಲದೆ ತೆಗೆಯುತ್ತೇನೆ ಎಂದಾಗ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ನಮ್ಮ ಕನ್ನಡದ ಫೋಟೊಗ್ರಾಫರ್ ಮಿತ್ರರೇ ನಕ್ಕಿದ್ದರು. ಧಾರೆಯ ಹೊತ್ತಿಗೆ ಮಂಟಪಕ್ಕೇ ಹತ್ತಿ, ಪುರೋಹಿತರನ್ನು ಪಕ್ಕಕ್ಕೆ ಸರಿಸಿ ಫೋಟೊ ತೆಗೆದು ಪಳಗಿದವರು ನಾವು. ಆಂಗ್ಲಿಕನ್ ಚರ್ಚ್‌ನಲ್ಲಿ ಆ ಆಟ ನಡೆಯದು. ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬುದು ವಿಕಾರ್, ಅಂದರೆ ಅಲ್ಲಿನ ಪಾದ್ರಿ, ಹೇಳಿದಂತೆ.

ಆರಂಭದಲ್ಲಿ ಹಣ ಹೋದದ್ದೇ ಹೋದದ್ದು. ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಶಟರ್ ಸದ್ದು ಕಲ್ಲಿನ ಗೋಡೆಗೆ ಬಡಿದು ದುಪ್ಪಟ್ಟಾಗುತ್ತಿತ್ತು. ಸದ್ದಿಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಸಾವಿರದೈನೂರು ಪೌಂಡ್ ಸುರಿದೆ. ಅದರ ಎಲೆಕ್ಟ್ರಾನಿಕ್ ಶಟರ್ ಎಲ್‌ಇಡಿ ದೀಪದಡಿ ಬಿಳಿ ಗೌನಿನ ತುಂಬ ಪಟ್ಟೆ ಎಳೆಯಿತು. ಒಂದು ಜೋಡಿಗೆ ಅರ್ಧ ಶುಲ್ಕ, ಸುಮಾರು ನಾನ್ನೂರು ಪೌಂಡ್, ಹಿಂದಿರುಗಿಸಿದೆ. ಈಗ ಶಟರ್ ವೇಗ 1/100 ಸೆಕೆಂಡಿನಲ್ಲೇ ನಿಲ್ಲುತ್ತದೆ. ಇಲ್ಲಿನ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಅದಕ್ಕೆ ಹೊಂದಿಕೊಂಡರೆ ಪಟ್ಟೆ ಬೀಳದು.

ಕೊನೆಗೆ ಕೈಹಿಡಿದದ್ದು ಆಂಗ್ಲಿಕನ್ನರ ವಿಧಿಗಳನ್ನು ಬರೆದಿಟ್ಟ 1662ರ ಪ್ರಾರ್ಥನಾ ಪುಸ್ತಕ. ಯಾರು ಯಾವಾಗ ಯಾವ ಕೈ ಹಿಡಿಯಬೇಕೆಂಬುದೂ ಅದರಲ್ಲಿದೆ. ವರ ಬಲಕ್ಕೆ, ವಧು ಎಡಕ್ಕೆ. ‘ಅಡ್ಡಿಯಿದ್ದರೆ ಈಗಲೇ ಹೇಳಿ’ ಎಂದು ವಿಕಾರ್ ಕೇಳುತ್ತಾರೆ. ಅದಕ್ಕೂ ಮುಂಚೆಯೇ ಮೂರು ಭಾನುವಾರ ಬ್ಯಾನ್ಸ್, ಅಂದರೆ ಮದುವೆಯ ಬಹಿರಂಗ ಘೋಷಣೆ, ಓದಿರುತ್ತಾರಾದರೂ ಆ ಗಳಿಗೆಯಲ್ಲಿ ಬೀಗರ ಮುಖ ನೋಡಬೇಕು! ಇಬ್ಬರೂ ಒಪ್ಪಿಗೆ ಹೇಳಿದ ಮೇಲೆ ತಂದೆಯ ಕೈಯಿಂದ ವಧುವನ್ನು ಸ್ವೀಕರಿಸುವವರು ವಿಕಾರ್, ವರನಲ್ಲ. ಅನಂತರ ವರ ತನ್ನ ಬಲಗೈಯಲ್ಲಿ ಅವಳ ಬಲಗೈ ಹಿಡಿದು ವಚನ ಹೇಳುತ್ತಾನೆ. ಕೈ ಬಿಡುತ್ತಾರೆ. ಅವಳು ಅವನ ಕೈ ಹಿಡಿದು ಹೇಳುತ್ತಾಳೆ. ಮತ್ತೆ ಬಿಡುತ್ತಾರೆ. ಹೊಸಬರು ಎಡವುವುದು ಈ ಎರಡು ಕಡೆ: ಕೈ ಬಿಟ್ಟ ಚಿತ್ರಗಳೇ ರಾಶಿ ಬೀಳುತ್ತವೆ. ಆಮೇಲೆ ವರ ಉಂಗುರವನ್ನು ಪುಸ್ತಕದ ಮೇಲೆ ಇಡುತ್ತಾನೆ, ವಿಕಾರ್ ಅದನ್ನು ಎತ್ತಿ ಮರಳಿ ಕೊಡುತ್ತಾರೆ, ಅವನು ವಧುವಿನ ಎಡಗೈಯ ಉಂಗುರ ಬೆರಳಿಗೆ ತೊಡಿಸುತ್ತಾನೆ. ಮಂಡಿಯೂರಿ ಪ್ರಾರ್ಥನೆ ಮುಗಿದ ಬಳಿಕವೇ ಇಬ್ಬರ ಬಲಗೈ ಕೂಡಿಸಿ, ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದು ಎನ್ನುವುದು. ಕೆಲವು ವಿಕಾರ್‌ಗಳು ಆಗ ತಮ್ಮ ಹೆಗಲ ಉದ್ದ ಪಟ್ಟಿಬಟ್ಟೆಯಾದ ಸ್ಟೋಲನ್ನು ಆ ಕೈಗಳಿಗೆ ಸುತ್ತುತ್ತಾರೆ. ನನ್ನ ಆಲ್ಬಮ್‌ಗಳ ಮುಖಪುಟ ಅದೇ.

2000ದಲ್ಲಿ ಬಂದ ಹೊಸ ವಿಧಿಯಲ್ಲಿ ತಂದೆ ಒಪ್ಪಿಸುವುದು ಕಡ್ಡಾಯವಲ್ಲ, ಉಂಗುರವೂ ಹೆಚ್ಚಾಗಿ ಎರಡು. ಹಾಗಾಗಿ ರಿಹರ್ಸಲ್‌ನಲ್ಲಿ ನನ್ನ ಮೊದಲ ಪ್ರಶ್ನೆ ಯಾವ ವಿಧಿ, ಎರಡನೆಯದು ಸ್ಟೋಲ್ ಸುತ್ತುತ್ತೀರಾ. ಇಷ್ಟು ಕೇಳಿದವನಿಗೆ ಯಾವ ವಿಕಾರೂ ಈವರೆಗೆ ಹಿಂದಿನ ಸಾಲು ತೋರಿಸಿಲ್ಲ.

ನಾನು ನಿಲ್ಲುವುದು ನಡುದಾರಿಯ ಪಕ್ಕದ ಕಂಬಕ್ಕೆ ಒರಗಿ. ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಹಳೆಯದೇ, ಒಂಬೈನೂರು ಪೌಂಡಿನ ಆಸುಪಾಸಿಗೆ ಸಿಕ್ಕಿತು. ಇನ್ನೊಂದು ಕ್ಯಾಮೆರಾ ವಿಕಾರ್ ಅನುಮತಿಯಿಂದಲೇ ಗಾಯಕರ ಬೆಂಚುಗಳ ನಡುವೆ ಕುಳಿತು ಮೊಬೈಲ್‌ನ ಮಾತು ಕೇಳುತ್ತದೆ. ಯಾವ ಬೆಂಚು, ಅದಕ್ಕೆ ಏನು ಹೊದಿಸುತ್ತೇನೆ ಎಂಬುದು ನನ್ನ ಹೊಟ್ಟೆಪಾಡು, ಕೇಳಬೇಡಿ.

ವರನ ಕೋಟಿನ ಜೇಬಿನಲ್ಲಿ ರೆಕಾರ್ಡರ್ ಇಟ್ಟೂ ನೋಡಿದೆ. ವಚನಕ್ಕಿಂತ ಬಟ್ಟೆಯ ಸರಪರವೇ ಜೋರಾಗಿತ್ತು. ಬಣ್ಣದ ಗಾಜಿನ ನೀಲಿ ಬೆಳಕು ಗೌನಿನ ಮೇಲೆ ಬೀಳಲೆಂದು ಸೂರ್ಯನ ಲೆಕ್ಕ ಹಾಕಿ ಒಂದು ಮಧ್ಯಾಹ್ನ ಕಾದೆ. ಬೆಳಕು ಬಿದ್ದದ್ದು ವರನ ಸೋದರಮಾವನ ಬೋಳುತಲೆಯ ಮೇಲೆ. ಆ ಚಿತ್ರವನ್ನು ದುಡ್ಡು ಕೊಟ್ಟು ಕೊಂಡರು!

2021ರ ಮೇ ತಿಂಗಳಿನಿಂದ ಮದುವೆಯ ದಪ್ಪ ರಿಜಿಸ್ಟರಿನ ಬದಲು ಒಂದು ಹಾಳೆಗೆ ಸಹಿ. ಚಿತ್ರಕ್ಕೆ ಸಪ್ಪೆ, ಆದರೆ ಅದರಲ್ಲಿ ಈಗ ತಾಯಂದಿರ ಹೆಸರೂ ಇದೆ. ಅವರನ್ನು ಮೇಜಿನ ಬಳಿಗೆ ಕರೆಯುತ್ತೇನೆ. ದೊಡ್ಡ ಪ್ರಿಂಟ್‌ಗಳ ಆರ್ಡರ್ ಬರುವುದು ಅಲ್ಲಿಂದಲೇ.

ಈಗ ನನ್ನ ದರ ಸಾವಿರದಿನ್ನೂರರ ಸುತ್ತಮುತ್ತ. ನಕ್ಕವರಲ್ಲಿ ಇಬ್ಬರು ರಿಹರ್ಸಲ್‌ಗೆ ಜೊತೆಗೆ ಬರುತ್ತೇವೆ ಎನ್ನುತ್ತಾರೆ. ಬರಲಿ. ವಿಡಿಯೊ ಸೇರಿಸುವವರಿಗೆ ಒಂದು ಮಾತು: ರೆಕಾರ್ಡಿಂಗ್ ಇದ್ದರೆ ಆರ್ಗನ್ ನುಡಿಸುವವರು ಅನೇಕ ಕಡೆ ಹೆಚ್ಚು ಶುಲ್ಕ ಕೇಳುತ್ತಾರೆ. ಅದನ್ನು ಜೋಡಿಗೆ ಮೊದಲೇ ತಿಳಿಸಿ, ನಿಮ್ಮ ಬಿಲ್ಲಿನೊಳಗೆ ತೂರಿಸಬೇಡಿ.