ದೊಡ್ಡ ಮೀನಿಗೆ ದೊಡ್ಡ ಎರೆ: ನಿಯಮ ಮೀರದೆ ಗಾಳ ಆರಿಸುವುದು ಹೇಗೆ?

ದೊಡ್ಡ ಮೀನು ಬೇಕು ಅಂದ ಕೂಡಲೇ ಹೆಚ್ಚಿನವರು ಅಂಗಡಿಗೆ ಹೋಗಿ ಅಲ್ಲಿರುವ ಅತಿ ದೊಡ್ಡ ಗಾಳ ತರುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಎರೆ ಹುಡುಕುತ್ತಾರೆ, ನಿಯಮ ಏನಿದೆ ಅಂತ ಕೇಳುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ತಿರುಗಿಸಿ. ಮೊದಲು ನಿಯಮ, ಆಮೇಲೆ ಎರೆ, ಎರೆ ನೋಡಿ ಗಾಳ. ಹೀಗೆ ಮಾಡಿದರೆ ದಂಡ ಕಟ್ಟುವುದು ತಪ್ಪುತ್ತದೆ. ಮೀನು ಗಾಳ ನುಂಗಿ, ದಾರ ಹರಿದುಕೊಂಡು ಹೋಗಿ, ಯಾರ ಕಣ್ಣಿಗೂ ಬೀಳದೆ ಸಾಯುವುದೂ ತಪ್ಪುತ್ತದೆ. ನನಗೆ ಈ ಎರಡನೆಯದೇ ಮುಖ್ಯ.

ಮೊದಲು ನಿಯಮ

ಆ ನೀರು ಯಾರ ಸುಪರ್ದಿಯಲ್ಲಿದೆ ಅಂತ ತಿಳಿದುಕೊಳ್ಳಿ. ಮೀನುಗಾರಿಕೆ ಇಲಾಖೆಯದ್ದಿರಬಹುದು, ಗುತ್ತಿಗೆ ಹಿಡಿದವರದ್ದಿರಬಹುದು, ಕ್ಲಬ್ಬಿನದ್ದಿರಬಹುದು. ಒಂದೇ ನದಿಯಲ್ಲೂ ಮೇಲಿನ ಭಾಗಕ್ಕೆ ಒಂದು ನಿಯಮ, ಕೆಳಗಿನ ಭಾಗಕ್ಕೆ ಇನ್ನೊಂದು ಇರುತ್ತದೆ. ಹೀಗೆ ಕೇಳಿ: ಜೀವಂತ ಮೀನನ್ನು ಎರೆಯಾಗಿ ಬಳಸಬಹುದಾ? ಸತ್ತ ಮೀನಾದರೆ ಯಾವ ಜಾತಿಯದ್ದು ಆಗುತ್ತದೆ? ಒಂದು ದಾರಕ್ಕೆ ಎಷ್ಟು ಗಾಳ ಕಟ್ಟಬಹುದು? ಮೂರು ಮೊನೆಯ ಟ್ರೆಬಲ್ ಹುಕ್ಕನ್ನು ಒಂದು ಅಂತ ಎಣಿಸುತ್ತೀರಾ, ಮೂರು ಅಂತಲಾ? ಕೊನೆಯ ಪ್ರಶ್ನೆ ಸಣ್ಣದು ಅನ್ನಿಸಬಹುದು, ಆದರೆ ಒಂದೊಂದು ಕಡೆ ಒಂದೊಂದು ಲೆಕ್ಕವಿದೆ.

ಜೀವಂತ ಎರೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸ್ಕಾಟ್ಲೆಂಡ್‌ನಲ್ಲಿ, ಐರ್ಲೆಂಡ್‌ನಲ್ಲಿ ಸಿಹಿನೀರಿನಲ್ಲಿ ಜೀವಂತ ಮೀನನ್ನು ಗಾಳಕ್ಕೆ ಸಿಕ್ಕಿಸುವಂತೆಯೇ ಇಲ್ಲ. ಇಂಗ್ಲೆಂಡ್‌ನಲ್ಲಿ ಎಲ್ಲಿ ಹಿಡಿದಿರೋ ಅದೇ ನೀರಿನಲ್ಲಿ ಬಳಸಬೇಕು. ಇದು ಸುಮ್ನೆ ಮಾಡಿದ ಕಟ್ಟುಪಾಡಲ್ಲ. ಒಂದು ಬಕೆಟ್ ಮೀನಿನ ಜೊತೆ ರೋಗವೂ ಹೋಗುತ್ತದೆ, ಅಲ್ಲಿಗೆ ಸೇರದ ಜಾತಿಗಳೂ ಹೋಗುತ್ತವೆ. ಅಮೆರಿಕದ ಗ್ರೇಟ್ ಲೇಕ್ಸ್ ಸರೋವರಗಳಲ್ಲಿ 2005-06ರ ಹೊತ್ತಿಗೆ ವಿಎಚ್‌ಎಸ್ ಅನ್ನುವ ವೈರಸ್‌ನಿಂದ ರಾಶಿ ರಾಶಿ ಮೀನು ಸತ್ತವು, ಅದರ ಬೆನ್ನಿಗೇ ಎರೆಮೀನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಕ್ಕೆ ಅಲ್ಲಿ ಕಡಿವಾಣ ಬಿತ್ತು.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಹಿಡಿಯಬಾರದ ಜಾತಿಯ ಅಥವಾ ಹಿಡಿಯಬಾರದ ಅಳತೆಯ ಮೀನನ್ನು ಕತ್ತರಿಸಿ ಎರೆ ಮಾಡಿದರೂ ಅದು ತಪ್ಪೇ. ಕಪ್ಪೆ, ಸಿಗಡಿ, ಏಡಿಗೂ ಪ್ರತ್ಯೇಕ ನಿಯಮ ಇರುತ್ತದೆ.

ಆಮೇಲೆ ಎರೆ

ಮೀನು ಹೇಗೆ ತಿನ್ನುತ್ತದೆ ಅನ್ನುವುದೇ ಇಲ್ಲಿ ದಾರಿ ತೋರಿಸುತ್ತದೆ. ಕ್ಯಾಟ್‌ಫಿಶ್ ಜಾತಿಯವು ಮೀಸೆಯಿಂದ ತಡವಿ, ವಾಸನೆ ಹಿಡಿದು ಬರುತ್ತವೆ. ಅದಕ್ಕೆ ರಕ್ತ, ಎಣ್ಣೆ ಜಿನುಗುವ ಹಸಿ ತುಂಡು ಒಳ್ಳೆಯದು. ತುಂಡು ನೀರಿನಲ್ಲಿ ಹೊತ್ತು ಕಳೆದಂತೆ ಬಿಳುಚಿಕೊಂಡು ಸಪ್ಪೆಯಾಗುತ್ತದೆ, ಆಗಾಗ ಬದಲಾಯಿಸಿ. ಪೈಕ್‌ನಂಥ ಬೇಟೆಗಾರ ಮೀನಿಗೆ ಇಡೀ ಸತ್ತ ಮೀನು ಆಗುತ್ತದೆ. ಕಾರ್ಪ್ ಜಾತಿಯದ್ದಕ್ಕೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಅದು ಎರೆಯನ್ನು ಹೀರಿ, ಅನುಮಾನ ಬಂದರೆ ಉಗುಳುತ್ತದೆ, ಹಾಗಾಗಿ ಗಟ್ಟಿ ಹಿಟ್ಟಿನ ಉಂಡೆ ಅದಕ್ಕೆ ಸರಿ. ಒಟ್ಟಿನಲ್ಲಿ ದೊಡ್ಡ ಎರೆ ಅಂದರೆ ಬಾಯಿಗೆ ಒಂದೇ ಸಲಕ್ಕೆ ಹೋಗುವಷ್ಟು ದೊಡ್ಡದು. ಅದಕ್ಕಿಂತ ದೊಡ್ಡದಾದರೆ ಮೀನು ಅಂಚನ್ನು ಕಚ್ಚಿ ಎಳೆದಾಡುತ್ತದೆ, ನೀವು ಖಾಲಿ ಗಾಳ ಎತ್ತುತ್ತೀರಿ.

ಈಗ ಗಾಳ

ನಂಬರ್ ಮೊದಮೊದಲು ಗೊಂದಲ ಮಾಡುತ್ತದೆ. 10, 6, 4, 1 ಹೀಗೆ ಅಂಕಿ ಇಳಿದಂತೆ ಗಾಳ ದೊಡ್ಡದಾಗುತ್ತದೆ. 1 ದಾಟಿದ ಮೇಲೆ 1/0, 2/0, 5/0 ಅಂತ ಅಂಕಿ ಏರಿದಂತೆ ದೊಡ್ಡದಾಗುತ್ತದೆ. ದೊಡ್ಡ ಕ್ಯಾಟ್‌ಫಿಶ್‌ಗೆ 5/0ದಿಂದ 8/0 ಸಾಮಾನ್ಯ, ಕಾರ್ಪ್‌ಗೆ 8ರಿಂದ 4 ಸಾಕು. ಆದರೆ ಎಲ್ಲ ಕಂಪನಿಗಳಿಗೂ ಒಪ್ಪಿಗೆಯಾದ ಒಂದೇ ಅಳತೆ ಅನ್ನುವುದಿಲ್ಲ, ಒಬ್ಬರ 5/0 ಇನ್ನೊಬ್ಬರ 6/0ದಷ್ಟಿರಬಹುದು. ಅದಕ್ಕೇ ನಂಬರ್‌ಗಿಂತ ಜಾಸ್ತಿ ನಾನು ನೋಡುವುದು ಗಾಳದ ಬಾಯಿಯನ್ನು, ಅಂದರೆ ಮೊನೆಗೂ ಅದರ ಎದುರಿನ ನೇರ ಕಡ್ಡಿಗೂ ನಡುವಿನ ಜಾಗವನ್ನು. ಎರೆಯನ್ನು ಸಿಕ್ಕಿಸಿದ ಮೇಲೂ ಆ ಜಾಗದಲ್ಲಿ ಅರ್ಧದಷ್ಟಾದರೂ ಖಾಲಿ ಉಳಿಯಬೇಕು. ತುಂಬಿಹೋದರೆ ಮೊನೆ ಮೀನಿನ ಬಾಯಿ ಮುಟ್ಟುವುದೇ ಇಲ್ಲ.

ಕಡ್ಡಿಯ ದಪ್ಪವನ್ನೂ ನೋಡಿ. ದಪ್ಪ ಗಾಳ ಬಾಗುವುದಿಲ್ಲ ನಿಜ, ಆದರೆ ಚುಚ್ಚಿಕೊಳ್ಳಲು ಬಲ ಬೇಕು. ತೆಳು ದಾರ, ಮೆತ್ತನೆಯ ರಾಡ್ ಇಟ್ಟುಕೊಂಡು 8/0 ಕಟ್ಟಿದರೆ ಪ್ರಯೋಜನವಿಲ್ಲ.

ಆಕಾರದಲ್ಲಿ ನನ್ನ ಆಯ್ಕೆ ಸರ್ಕಲ್ ಹುಕ್. ಅದರ ಮೊನೆ ಒಳಕ್ಕೆ, ಕಡ್ಡಿಯ ಕಡೆಗೆ ತಿರುಗಿರುತ್ತದೆ. ಮೀನು ಎರೆ ಬಾಯಿಗೆ ಹಾಕಿಕೊಂಡು ಹೊರಟಾಗ ಗಾಳ ಜಾರಿಕೊಂಡು ಬಂದು ಬಾಯಿಯ ಮೂಲೆಯಲ್ಲಿ ತಿರುಗಿ ಕೂರುತ್ತದೆ, ಹೊಟ್ಟೆಗಿಳಿಯುವುದು ಕಡಿಮೆ. ಒಂದೇ ಷರತ್ತು, ಜಗ್ಗಬಾರದು. ದಾರ ಬಿಗಿಯಾಗಲು ಬಿಟ್ಟು ನಿಧಾನಕ್ಕೆ ರೀಲ್ ಸುತ್ತಬೇಕು. ಕೆಲವು ಕಡೆ ಮೊನೆ ಪಕ್ಕಕ್ಕೆ ವಾಲಿರದ ಸರ್ಕಲ್ ಹುಕ್ಕನ್ನೇ ಬಳಸಬೇಕು ಅನ್ನುತ್ತಾರೆ. ಮೇಜಿನ ಮೇಲೆ ಮಲಗಿಸಿ ನೋಡಿ, ಸಪಾಟಾಗಿ ಕೂತರೆ ಸರಿಯಿದೆ.

ಮೊನೆಯ ಹಿಂದಿರುವ ಪುಟ್ಟ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಎಷ್ಟೋ ಕಡೆ ಅದು ಕಡ್ಡಾಯ, ಕಡ್ಡಾಯವಿಲ್ಲದ ಕಡೆಯೂ ಬಿಡುವ ಮೀನಿಗೆ ಒಳ್ಳೆಯದು. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಸ್ಟೇನ್‌ಲೆಸ್ ಗಾಳ ಬೇಡ. ಮೀನಿನೊಳಗೆ ಉಳಿದರೆ ಅದು ಬೇಗ ತುಕ್ಕು ಹಿಡಿದು ಉದುರುವುದಿಲ್ಲ. ಪೈಕ್‌ನಂಥ ಹಲ್ಲಿನ ಮೀನಾದರೆ ಗಾಳದ ಮುಂದೆ ಒಂದು ಅಡಿಗೆ ಕಡಿಮೆಯಿಲ್ಲದಂತೆ ತಂತಿ ಕಟ್ಟಲೇಬೇಕು, ಇಲ್ಲದಿದ್ದರೆ ದಾರ ಕಡಿದು ಗಾಳದ ಸಮೇತ ಹೋಗುತ್ತದೆ.

ಸಿಕ್ಕಿಸುವುದು

ಹೆಚ್ಚಿನ ಮೀನು ಕೈತಪ್ಪುವುದು ಇಲ್ಲೇ. ಮೀನಿನ ತುಂಡಾದರೆ, ಗಾಳ ಹೋಗುವ ಜಾಗದಲ್ಲಿ ಮೊದಲು ಚಿಪ್ಪು ಕೆರೆದು ತೆಗೆಯಿರಿ. ಮೊನೆ ಚರ್ಮ ತೂರಿ ಹೊರಬರುವಾಗ ಒಂದು ಚಿಪ್ಪು ಟೋಪಿ ಹಾಕಿದಂತೆ ತುದಿಗೆ ಕೂತಿರುತ್ತದೆ, ಪಾರದರ್ಶಕವಾದ್ದರಿಂದ ಕಾಣುವುದಿಲ್ಲ, ಬೆರಳಿನಿಂದ ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ. ತುಂಡಿನ ಒಂದು ಮೂಲೆಯಲ್ಲಿ, ಚರ್ಮದ ಮೂಲಕ ಒಂದೇ ಸಲ ಚುಚ್ಚಿ. ಮೊನೆ ಪೂರ್ತಿ ಹೊರಗಿರಲಿ. ಗಾಳ ಕಂಡರೆ ಮೀನು ಹೆದರುತ್ತದೆ ಅಂತ ಮಾಂಸದಲ್ಲಿ ಹುದುಗಿಸಬೇಡಿ. ಇಡೀ ಸತ್ತ ಮೀನಾದರೆ ಬಾಲದ ಬುಡದಲ್ಲಿ ಸಿಕ್ಕಿಸಿ, ಅಲ್ಲಿ ಚರ್ಮ ಗಟ್ಟಿ, ಎಸೆದಾಗ ಹರಿಯುವುದಿಲ್ಲ. ಹಿಟ್ಟಿನ ಗಟ್ಟಿ ಉಂಡೆಯನ್ನು ಗಾಳಕ್ಕೆ ಚುಚ್ಚುವುದೇ ಬೇಡ, ಗಾಳದ ಬುಡದಿಂದ ಸಣ್ಣ ದಾರ ಇಳಿಬಿಟ್ಟು ಅದರಲ್ಲಿ ಪೋಣಿಸಿ. ಉಂಡೆ ಎಷ್ಟೇ ದೊಡ್ಡದಾದರೂ ಗಾಳ ಬರಿದಾಗಿರುತ್ತದೆ.

ಎಸೆಯುವ ಮುಂಚೆ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಗೀರಿದರೆ ಚೂಪು ಇದೆ. ಜಾರಿದರೆ ಅರ ಹಾಕಿ, ಇಲ್ಲವೇ ಬದಲಾಯಿಸಿ. ಕಲ್ಲಿಗೆ ತಗುಲಿ ಬಂದಾಗಲೆಲ್ಲ ಇದನ್ನೇ ಮತ್ತೆ ಮಾಡಿ.

ಇಷ್ಟಾದ ಮೇಲೂ ಮೀನು ಗಾಳ ನುಂಗಿಬಿಟ್ಟರೆ ಒಳಗೆ ಕೈಹಾಕಿ ಕೀಳಬೇಡಿ. ಕಿವಿರು, ಕರುಳು ಹರಿಯುತ್ತದೆ. ಮೀನನ್ನು ನೀರಿನಲ್ಲೇ ಇಟ್ಟುಕೊಂಡು ದಾರವನ್ನು ಗಾಳದ ಹತ್ತಿರ ಕತ್ತರಿಸಿ ಬಿಟ್ಟರೆ ಅದು ಬದುಕುವ ಸಾಧ್ಯತೆ ಜಾಸ್ತಿ. ಉಳಿದ ಎರೆಯನ್ನು, ಅದನ್ನು ತಂದ ನೀರನ್ನು ಅಲ್ಲೇ ಸುರಿಯಬೇಡಿ. ಎರೆಯನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಬಕೆಟ್ ನೀರನ್ನು ದಡದಿಂದ ದೂರ ಒಣ ನೆಲಕ್ಕೆ ಚೆಲ್ಲಿ.